ಮೊಬೈಲಿನ ಮೀನನ್ನು ಬೈಯುವ ಮೊದಲು ಹೊಳೆಯ ಮೀನಿನ ಲೆಕ್ಕ ಕೊಡಿ

ಕಂಪ್ಲಿ ಸೇತುವೆಯ ಹತ್ತಿರ ಒಂದು ಸಂಜೆ ನಾವು ಚಹಾ ಕುಡಿಯುತ್ತಾ ನಿಂತಿದ್ದೆವು. ಹೈಸ್ಕೂಲು ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದುಕೊಂಡು ದಂಡೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ. ಒಮ್ಮೆಲೇ "ಸಿಕ್ತು, ಸಿಕ್ತು" ಅಂತ ಕೂಗಿದ.

ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಏನ್ ಸಿಕ್ತಲೇ?"

"ಮೀನು ತಾತ."

ಪರದೆಯ ಮೇಲೆ ಕೆಂಪು ಬಣ್ಣದ, ದೊಡ್ಡ ಕಣ್ಣಿನ, ಎರಡು ಮೀಸೆಯ ಒಂದು ಮೀನು ಒದ್ದಾಡುತ್ತಿತ್ತು. ತಾತನಿಗೆ ಸಿಟ್ಟು ಬಂತು. "ನಿನ್ ವಯಸ್ಸಿನ್ಯಾಗ ನಾವು ಇದೇ ಹೊಳ್ಯಾಗ ಖರೇ ಮೀನು ಹಿಡೀತಿದ್ವಿ. ನೀವು ಫೋನಿನ್ಯಾಗ ಹಿಡೀರಿ. ಹಾಳಾಗಿ ಹೋದ್ರಿ."

ಹುಡುಗ ತಲೆ ಎತ್ತದೆ ಹೇಳಿದ: "ಹೊಳ್ಯಾಗ ಈಗ ಎಲ್ಲದಾವ ತಾತ ಆ ಮೀನು?"

ತಾತ ಉತ್ತರ ಕೊಡಲಿಲ್ಲ. ಲೋಟ ಕೆಳಗಿಟ್ಟು ಎದ್ದರು.

ಆ ತಾತನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಅವರಾಡಿದ ಮಾತನ್ನು ನಾವು ಬೇರೆ ಕಡೆಯೂ ಕೇಳುತ್ತಲೇ ಇರುತ್ತೇವೆ. ಶಾಲೆಯ ವಾರ್ಷಿಕೋತ್ಸವದ ಭಾಷಣದಲ್ಲಿ, ಗ್ರಾಮಸಭೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಅದೇ ಮಾತು: ಮಕ್ಕಳು ಸುಳ್ಳು ಮೀನು ಹಿಡಿಯುತ್ತಾ ಕೆಟ್ಟು ಹೋದರು. ಈ ಮಾತಿಗೆ ನಮ್ಮ ಒಪ್ಪಿಗೆ ಇಲ್ಲ. ಖರೇ ಮೀನು ಕಳೆದದ್ದು ಆ ಹುಡುಗನ ಕೈಯಿಂದಲ್ಲ. ಅವನು ಹುಟ್ಟುವ ಮೊದಲೇ ಅದು ದೊಡ್ಡವರ ಕೈಯಿಂದ ಜಾರಿತ್ತು.

ಆ ಕೆಂಪು ಮೀನು ಯಾವುದು?

ಬೈಯುವವರು ಮೊದಲು ಅದೇನೆಂದು ತಿಳಿದುಕೊಳ್ಳಲಿ. ಅದರ ಹೆಸರು ಮ್ಯಾಜಿಕಾರ್ಪ್. ಜಪಾನಿನಲ್ಲಿ 1996ರಲ್ಲಿ ಶುರುವಾದ ಪೊಕೆಮಾನ್ ಎಂಬ ವಿಡಿಯೋ ಗೇಮ್ ಸರಣಿಯ ಒಂದು ಕಲ್ಪನೆಯ ಪ್ರಾಣಿ. ಕಾರ್ಪ್ ಅಂದರೆ ನಮ್ಮ ಗೆಂಡೆ ಮೀನಿನ ಜಾತಿ. ಕನ್ನಡದಲ್ಲಿ ಬೇಕಾದರೆ ಮಾಯಾಗೆಂಡೆ ಅನ್ನಬಹುದು.

ಆ ಆಟದಲ್ಲಿ ಇದರಷ್ಟು ಕೆಲಸಕ್ಕೆ ಬಾರದ ಪ್ರಾಣಿ ಇನ್ನೊಂದಿಲ್ಲ. ಮೊದಮೊದಲು ಅದಕ್ಕೆ ಗೊತ್ತಿರುವ ವಿದ್ಯೆ ಒಂದೇ, ಬಾಲ ಬಡಿದು ನೀರು ಚಿಮ್ಮಿಸುವುದು. ಅದರಿಂದ ಎದುರಾಳಿಗೆ ಒಂದು ಗೀರೂ ಆಗುವುದಿಲ್ಲ. ಆಟದ ಮೊದಲ ಕಂತಿನಲ್ಲಿ ಒಬ್ಬ ದಲ್ಲಾಳಿ ಬರುತ್ತಾನೆ. ಅಪರೂಪದ ಮೀನು ಅಂತ ಹೇಳಿ ಆಟದ ದುಡ್ಡು 500ಕ್ಕೆ ಇದನ್ನು ತಲೆಗೆ ಕಟ್ಟುತ್ತಾನೆ, ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಸಂತೆಯಲ್ಲಿ ಮುದಿ ಎತ್ತಿನ ಕೊಂಬಿಗೆ ಬಣ್ಣ ಬಳಿದು ಮಾರುವವರು ನಮಗೆ ಹೊಸಬರೇನಲ್ಲ. ಮುಂದೆ ಅದೇ ಆಟದಲ್ಲಿ ಒಂದು ಹಳೆಯ ಗಾಳ ಸಿಗುತ್ತದೆ. ಅದನ್ನು ಎಲ್ಲಿ ಹಾಕಿದರೂ ಬೀಳುವುದು ಈ ಮೀನೇ. ಆಗ 500 ಕೊಟ್ಟವನಿಗೆ ಗೊತ್ತಾಗುತ್ತದೆ, ಮೋಸ ಹೋದೆ ಅಂತ.

ಆದರೆ ಅದನ್ನು ಬಿಸಾಡದೆ ಜೊತೆಯಲ್ಲಿಟ್ಟುಕೊಂಡು 20ನೇ ಹಂತದವರೆಗೆ ಸಾಕಿದರೆ ಅದು ರೂಪ ಬದಲಿಸುತ್ತದೆ. ಗ್ಯಾರಡೋಸ್ ಎಂಬ ಭಾರಿ ಗಾತ್ರದ, ಡ್ರ್ಯಾಗನ್ನಿನಂಥ ಪ್ರಾಣಿಯಾಗುತ್ತದೆ. ನಕ್ಕವರೆಲ್ಲ ಅದರ ಮುಂದೆ ಬಾಯಿ ಮುಚ್ಚುತ್ತಾರೆ.

ಇದರ ಹಿಂದೆ ಚೀನಾದ ಒಂದು ಹಳೆಯ ಕತೆಯಿದೆ. ಹಳದಿ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಈಜಿ, ಡ್ರ್ಯಾಗನ್ ಬಾಗಿಲು ಎಂಬ ಕಡಿದಾದ ಜಾಗವನ್ನು ಹಾರಿದ ಗೆಂಡೆ ಮೀನು ಡ್ರ್ಯಾಗನ್ ಆಗುತ್ತದೆ ಎಂಬ ಕತೆ. ಕಷ್ಟಪಟ್ಟು ಮೇಲೆ ಬಂದವನನ್ನು ಹೊಗಳಲು ಅಲ್ಲಿನ ಜನ ಇಂದಿಗೂ ಈ ಮಾತನ್ನು ಬಳಸುತ್ತಾರೆ.

2016ರಲ್ಲಿ ಪೊಕೆಮಾನ್ ಗೋ ಎಂಬ ಮೊಬೈಲ್ ಆಟ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಜಿಯೋ ಸಿಮ್ಮಿನ ಜೊತೆಗೆ ಅಧಿಕೃತವಾಗಿ ಭಾರತಕ್ಕೂ ಕಾಲಿಟ್ಟಿತು. ಮನೆಯಲ್ಲಿ ಮಲಗಿಕೊಂಡು ಆಡಿದರೆ ಅದರಲ್ಲಿ ಹೆಚ್ಚೇನೂ ಸಿಗದು. ಎದ್ದು ನಡೆಯಬೇಕು. ನೀರಿನ ದಂಡೆಯಲ್ಲಿ ನೀರಿನ ಪ್ರಾಣಿಗಳು ಹೆಚ್ಚು ಸಿಗುತ್ತವೆ. ಮ್ಯಾಜಿಕಾರ್ಪನ್ನು ಗ್ಯಾರಡೋಸ್ ಮಾಡಲು 400 ಕ್ಯಾಂಡಿ ಕೂಡಿಸಬೇಕು. ಒಂದು ಮೀನಿಗೆ ಮೂರೋ ನಾಲ್ಕೋ ಕ್ಯಾಂಡಿ. ಅಂದರೆ ನೂರರ ಆಸುಪಾಸು ಮೀನು. ಆ ಹುಡುಗ ಕಂಪ್ಲಿಯ ದಂಡೆಯಲ್ಲಿ ಓಡಾಡುತ್ತಿದ್ದದ್ದು ಇದಕ್ಕೇ.

ಕೆಲಸಕ್ಕೆ ಬಾರದ್ದು ಅಂತ ಊರೇ ನಗುವ ಒಂದು ಮೀನಿಗಾಗಿ ನೂರು ಸಲ ಹೊಳೆ ದಂಡೆಗೆ ಬರುವ ಹುಡುಗನನ್ನು ನಾವು ಹಾಳಾದವನು ಅನ್ನುವುದಿಲ್ಲ. ನಮ್ಮ ದೊಡ್ಡವರಲ್ಲಿ ಆ ತಾಳ್ಮೆಯ ಹತ್ತರಲ್ಲೊಂದು ಪಾಲು ಇದ್ದಿದ್ದರೆ ಸಾಕಾಗಿತ್ತು.

ಒಂದು ಮಾತು ಒಪ್ಪುತ್ತೇವೆ. ಮೊಬೈಲ್ ಆಟದಲ್ಲಿ ಹೊತ್ತು ಹೋಗುತ್ತದೆ, ಕಣ್ಣು ಹೋಗುತ್ತದೆ, ಇಂಥ ಆಟದೊಳಗೂ ದುಡ್ಡು ಕೊಟ್ಟು ಕೊಳ್ಳುವ ಸಾಮಾನುಗಳಿವೆ. ಮಕ್ಕಳ ಕೈಗೆ ಫೋನು ಕೊಟ್ಟವರು ಅದರ ಮೇಲೆ ಕಣ್ಣಿಡಲೇಬೇಕು. ಆದರೆ ಸಂಬಳ ಬಂದ ದಿನವೇ ರಮ್ಮಿ ಆಡಿ ಸಾಲ ಮಾಡಿಕೊಂಡ ಅಪ್ಪಂದಿರು ಮಗನ ಮೀನಿನ ಆಟವನ್ನು ಬೈಯುವುದು ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಲ್ಲಿಸಲು 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಬೇಕಾಯಿತು. ಆ ಕಾಯ್ದೆ ಬೇಕಾದದ್ದು ದೊಡ್ಡವರಿಂದ.

ಕಲ್ಪನೆಯ ಮೀನು ಹಂಪಿಯಲ್ಲೂ ಇದೆ

ಇಲ್ಲದ ಪ್ರಾಣಿಯ ಹಿಂದೆ ಬೀಳುವುದೇ ತಪ್ಪು ಅನ್ನುವವರು ಒಮ್ಮೆ ಹಂಪಿಗೆ ಬನ್ನಿ. ಗುಡಿಯ ಮೆಟ್ಟಿಲ ಪಕ್ಕದಲ್ಲಿ, ತೋರಣದ ಎರಡು ತುದಿಯಲ್ಲಿ ನೋಡಿ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಮೀನಿನ ಮೈ. ಅದು ಮಕರ. ಗಂಗೆಯ ವಾಹನ, ವರುಣನ ವಾಹನ. ತುಂಗಭದ್ರೆಯಲ್ಲಿ ಮಕರವನ್ನು ಬಲೆಗೆ ಹಿಡಿದವರು ಯಾರೂ ಇಲ್ಲ. ಆದರೂ ನಮ್ಮ ಶಿಲ್ಪಿಗಳು ಅದನ್ನು ಕಲ್ಲಿನಲ್ಲಿ ಕಡೆದರು, ನಾವು ಕೈಮುಗಿದು ಒಳಗೆ ಹೋಗುತ್ತೇವೆ. ಜಪಾನಿನವರು ಬರೆದರೆ ಸುಳ್ಳು ಮೀನು, ನಮ್ಮವರು ಕಡೆದರೆ ಕಲೆ ಅನ್ನುವುದು ಯಾವ ನ್ಯಾಯ?

ಇನ್ನೂ ಒಂದು ಮಾತಿದೆ. ಮ್ಯಾಜಿಕಾರ್ಪಿನಂಥ ಕತೆ ನಮ್ಮಲ್ಲೇ ಇದೆ, ಅದೂ ದೇವರ ಕತೆಯಾಗಿ. ಮತ್ಸ್ಯಾವತಾರ. ಮನು ಅರ್ಘ್ಯ ಕೊಡಲು ಬೊಗಸೆಯಲ್ಲಿ ನೀರು ತುಂಬಿಕೊಂಡಾಗ ಅದರೊಳಗೆ ಒಂದು ಸಣ್ಣ ಮೀನಿನ ಮರಿ ಬಂತು. "ದೊಡ್ಡ ಮೀನು ನನ್ನನ್ನು ತಿಂದು ಹಾಕುತ್ತವೆ, ಕಾಪಾಡು" ಎಂದು ಬೇಡಿತು. ಅವನು ಅದನ್ನು ಗಡಿಗೆಯಲ್ಲಿಟ್ಟ. ಗಡಿಗೆ ಸಾಲದಾಯಿತು, ಕೊಳಕ್ಕೆ ಬಿಟ್ಟ. ಕೊಳ ಸಾಲದಾಯಿತು, ಹೊಳೆಗೆ ಬಿಟ್ಟ. ಹೊಳೆಯೂ ಸಾಲದಾಗಿ ಕಡಲಿಗೆ ಬಿಟ್ಟ. ಪ್ರಳಯ ಬಂದ ದಿನ ಅದೇ ಮೀನು ಅವನ ದೋಣಿಯನ್ನು ಎಳೆದು ದಡ ಮುಟ್ಟಿಸಿತು.

ಈ ಕತೆಯಲ್ಲಿ ನಾವು ಮರೆಯುವ ಭಾಗ ಒಂದಿದೆ. ಮೀನು ಬಂದ ಕೂಡಲೇ ಯಾರನ್ನೂ ಕಾಪಾಡಲಿಲ್ಲ. ಮೊದಲು ಮನು ಅದನ್ನು ಕಾಪಾಡಿದ. ಬೊಗಸೆಯಷ್ಟು ನೀರಲ್ಲಿದ್ದ, ಯಾವ ಉಪಯೋಗಕ್ಕೂ ಬಾರದ ಮರಿಗೆ ಅವನು ಒಂದಾದ ಮೇಲೊಂದು ದೊಡ್ಡ ನೀರು ಕೊಟ್ಟ. ದೋಣಿ ಸಿಕ್ಕಿದ್ದು ಆಮೇಲೆ. ಹಂಪಿಯ ಗುಡಿಗಳ ಕಂಬದಲ್ಲಿ ಮತ್ಸ್ಯಾವತಾರಕ್ಕೆ ಕುಂಕುಮ ಹಚ್ಚಿ, ಅಲ್ಲೇ ಕೆಳಗೆ ಹರಿಯುವ ಹೊಳೆಯ ಮೀನಿನ ಬಗ್ಗೆ ಒಂದು ಮಾತೂ ಆಡದೆ ಮನೆಗೆ ಹೋಗುತ್ತೇವಲ್ಲ, ನಮ್ಮ ತಕರಾರು ಇದರ ಬಗ್ಗೆ.

ನಮ್ಮ ಹೊಳೆಯ ಮಾಯಾಗೆಂಡೆ

ನಮ್ಮ ಹೊಳೆಯಲ್ಲಿ ಹರಗಿ ಎಂಬ ಮೀನೊಂದು ಇತ್ತು. ಗೆಂಡೆ ಜಾತಿಯದೇ. ನೀರಿನಲ್ಲಿ ಬೆಳೆಯುವ ಕಳೆ, ಸೊಪ್ಪು ತಿಂದು ಕೆಜಿಗಟ್ಟಲೆ ತೂಗುವ ಮೀನು. ಕೃಷ್ಣಾ ಮತ್ತು ತುಂಗಭದ್ರಾ ಹೊಳೆಗಳಲ್ಲಿ ಒಂದು ಕಾಲಕ್ಕೆ ಧಾರಾಳವಾಗಿ ಸಿಗುತ್ತಿತ್ತು. ಇವತ್ತು ಹರಗಿ ಅಂದರೆ ಹೊಸಪೇಟೆ ಮಾರ್ಕೆಟ್ಟಿಗೆ ಬರುವ ಎಷ್ಟು ಮಕ್ಕಳಿಗೆ ಗೊತ್ತಾಗುತ್ತದೆ, ನೀವೇ ಕೇಳಿ ನೋಡಿ.

ಈಗ ತಮಾಷೆ ನೋಡಿ. ಕೆರೆಯ ಕಳೆ ತಿನ್ನುವ ಮೀನು ಬೇಕು ಅಂತ ನಮ್ಮ ದೇಶಕ್ಕೆ ಹೊರಗಿನಿಂದ ಒಂದು ಮೀನು ತರಿಸಿದರು. ಹುಲ್ಲುಗೆಂಡೆ, ಚೀನಾ ಮೂಲದ್ದು, 1959ರಲ್ಲಿ ಬಂತು. ಕಳೆ ತಿನ್ನುವ ಗೆಂಡೆ ನಮ್ಮ ಹೊಳೆಯಲ್ಲೇ ಈಜುತ್ತಿತ್ತು. ಅದನ್ನು ಸಾಕೋಣ, ಮರಿ ಮಾಡಿಸೋಣ ಅನ್ನುವ ಯೋಚನೆ ಬರುವ ಹೊತ್ತಿಗೆ ಅದು ಅಪರೂಪವಾಗಿತ್ತು. ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಮೀನು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೊನೆಗೆ ಹರಗಿಯನ್ನು ಕೊಳದಲ್ಲಿಟ್ಟು ಮರಿ ಮಾಡಿಸಿ ತೋರಿಸಿದರು. ಅಂದರೆ ಆಗದ ಕೆಲಸವೇನಲ್ಲ.

ಮ್ಯಾಜಿಕಾರ್ಪಿಗೆ ಹೋಲುವ ಸಾಮಾನ್ಯ ಗೆಂಡೆಯೂ ಹೊರಗಿನದೇ. ಅದರ ಒಂದು ತಳಿ 1939ರಲ್ಲಿ ನೀಲಗಿರಿಗೆ ಬಂತು, ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕಿನಿಂದ ಬಂತು. ಈಗ ನಮ್ಮ ಕೆರೆಗಳಲ್ಲಿ ಮನೆ ಮಾಡಿಕೊಂಡಿದೆ. ಮೊಬೈಲಿನ ಜಪಾನಿ ಮೀನು ನಮ್ಮ ಸಂಸ್ಕೃತಿ ಕೆಡಿಸಿತು ಅಂತ ಬೈಯುವವರ ಮನೆಯ ಸಾರಿನಲ್ಲೇ ಅದರ ದಾಯಾದಿ ಬೇಯುತ್ತಿರುತ್ತದೆ.

ಕಟ್ಲಾ, ರೋಹು, ಮೃಗಾಲ್ ಕೂಡ ಉತ್ತರದ ಗಂಗೆಯ ಕಡೆಯಿಂದ ಬಂದವು. ಅವುಗಳ ಮೇಲೆ ನಮಗೆ ಹಗೆ ಇಲ್ಲ. ಚೆನ್ನಾಗಿ ಮೇವು ಸಿಕ್ಕ ಕೊಳದಲ್ಲಿ ಕಟ್ಲಾ ವರ್ಷದೊಳಗೆ ಕೆಜಿ ತೂಗುತ್ತದೆ. ಬಡವರ ತಟ್ಟೆಗೆ ಮೀನು ಬಂದದ್ದು ಇವುಗಳಿಂದ. ಮೀನುಗಾರನಿಗೆ ಕೈಗೆ ಕಾಸು ಕೊಟ್ಟದ್ದು ಇವೇ. ಹೊಟ್ಟೆಯ ಮಾತು ಬಂದಾಗ ನಾವು ತತ್ವ ಹೇಳುವುದಿಲ್ಲ.

ನಮ್ಮ ಜಗಳ ಒಂದು ಶಬ್ದದ ಮೇಲೆ. ಮೀನು ಸಾಕಣೆಯ ಪಾಠದಲ್ಲಿ ಕಟ್ಲಾ, ರೋಹುಗಳನ್ನು ಬಿಟ್ಟು ತಾವಾಗಿಯೇ ಬಂದು ಸೇರುವ ಸಣ್ಣ ಮೀನುಗಳಿಗೆಲ್ಲ ಒಂದೇ ಹೆಸರು: ಕಳೆ ಮೀನು. ಮರಿ ಬಿಡುವ ಮೊದಲು ಕೊಳಕ್ಕೆ ಹಿಪ್ಪೆ ಹಿಂಡಿ ಹಾಕಿ ಅವನ್ನು ಕೊಲ್ಲಿ ಅಂತ ಹೇಳಿಕೊಡುತ್ತಾರೆ. ನಾಲ್ಕು ಮೂಲೆಯ ಸಾಕಣೆ ಕೊಳದಲ್ಲಿ ಅದು ಸರಿ ಇರಬಹುದು. ಆದರೆ ಆ ಶಬ್ದ ಕೊಳದಿಂದ ಹೊರಬಿದ್ದು ಕೆರೆಗೆ ಬಂತು, ಕೆರೆಯಿಂದ ಹೊಳೆಗೆ ಬಂತು, ಕೊನೆಗೆ ನಮ್ಮ ತಲೆಗೆ ಬಂತು. ದುಡ್ಡಾಗದ ಮೀನೆಲ್ಲ ಕಳೆ. ಕಳೆ ಅಂದ ಮೇಲೆ ಅದರ ಹೆಸರು ಯಾಕೆ ಬೇಕು? ಲೆಕ್ಕ ಯಾಕೆ ಬೇಕು? ಸತ್ತರೆ ಅಳುವವರು ಯಾರು?

ಆಟ ಬರೆದವರು ಮ್ಯಾಜಿಕಾರ್ಪನ್ನು ಕೆಲಸಕ್ಕೆ ಬಾರದ್ದು ಅಂತ ಹೇಳಿದರೂ ಅದಕ್ಕೊಂದು ಹೆಸರು ಕೊಟ್ಟರು, 129 ಎಂಬ ನಂಬರ್ ಕೊಟ್ಟರು, ಅದು ಎಲ್ಲಿರುತ್ತದೆ, ಏನಾಗಬಲ್ಲದು ಅಂತ ಬರೆದಿಟ್ಟರು. ನಮ್ಮ ಹೊಳೆಯ ಬಾಳೆ ಮೀನು, ಕೊರವ, ಚೇಳು ಮೀನು, ಹಾವು ಮೀನು, ಕೆಮ್ಮೀನು, ಹರಗಿಗಳ ಚಿತ್ರವಿರುವ ಒಂದು ಹಾಳೆಯನ್ನು ನಿಮ್ಮೂರ ಶಾಲೆಯ ಗೋಡೆಯ ಮೇಲೆ ನೋಡಿದ್ದೀರಾ? ಹುಡುಗನಿಗೆ ಮೊಬೈಲಿನ ಮೀನಿನ ಹೆಸರು ಬಾಯಿಪಾಠ ಬರುತ್ತದೆ, ಯಾಕಂದರೆ ಅದನ್ನು ಯಾರೋ ಕಲಿಸಿದರು. ಹೊಳೆಯ ಮೀನಿನ ಹೆಸರು ಬರುವುದಿಲ್ಲ, ಯಾಕಂದರೆ ನಾವು ಕಲಿಸಲಿಲ್ಲ. ಇದರಲ್ಲಿ ಯಾರದು ತಪ್ಪು?

ಹಾರಲು ಎಲ್ಲಿದೆ ಬಾಗಿಲು?

ಚೀನಾದ ಕತೆಯ ಗೆಂಡೆಗೆ ಹಾರಲು ಒಂದು ಬಾಗಿಲಾದರೂ ಇತ್ತು. ನಮ್ಮ ಮೀನಿಗೆ?

ಮಳೆಗಾಲದಲ್ಲಿ ಹೊಸ ನೀರು ಬಂದಾಗ ಗೆಂಡೆ ಜಾತಿಯ ಎಷ್ಟೋ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೋಗುತ್ತವೆ. ಮೊಟ್ಟೆ ಇಡಲು ಅವಕ್ಕೆ ಹೊಸ ನೀರು ಬೇಕು. ಇದು ಹೊಳೆ ದಂಡೆಯ ಗಂಗಾಮತಸ್ಥರಿಗೆ, ಬೆಸ್ತರಿಗೆ, ಅಂಬಿಗರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ವಿಜಯನಗರದ ಅರಸರು ಈ ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಕಟ್ಟಿ ಕಾಲುವೆ ತೆಗೆದರು. ತುರ್ತಾ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಆ ಒಡ್ಡುಗಳು ತಗ್ಗು. ಹೊಳೆ ತುಂಬಿ ಬಂದಾಗ ನೀರು ಅವುಗಳ ತಲೆಯ ಮೇಲೆ ಹರಿದು ಹೋಗುತ್ತದೆ.

1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಗಿ 1953ರಲ್ಲಿ ನೀರು ನಿಂತಿತು. 49 ಮೀಟರ್ ಎತ್ತರದ ಗೋಡೆ, 33 ಗೇಟು. ಈ ಅಣೆಕಟ್ಟು ನಮಗೆ ಅನ್ನ ಕೊಟ್ಟಿದೆ. ಕಂಪ್ಲಿಯ ಭತ್ತ, ಹೊಸಪೇಟೆಯ ಕಬ್ಬು ಬಾಳೆ, ಆಚೆ ದಂಡೆಯ ಗಂಗಾವತಿಯ ಅಕ್ಕಿ, ಎಲ್ಲಕ್ಕೂ ಅದೇ ನೀರು. ಅದನ್ನು ಒಡೆಯಿರಿ ಅಂತ ಹೇಳುವ ಹುಚ್ಚು ನಮಗಿಲ್ಲ. ಆದರೆ ಅಣೆಕಟ್ಟಿನ ಕೆಳಗೆ ನಿಂತು ಒಮ್ಮೆ ನೋಡಿ. ಮೀನು ಹತ್ತಿಹೋಗುವಂಥ ಒಂದು ಮೆಟ್ಟಿಲೂ ಕಾಣುವುದಿಲ್ಲ. ಅಷ್ಟು ಎತ್ತರದ ಗೋಡೆಗೆ ಮೆಟ್ಟಿಲು ಕಟ್ಟುವುದು ಸುಲಭವೂ ಅಲ್ಲ. ಹಾಗಿದ್ದರೆ ಮೇಲೆ ಹೋಗಲಾಗದ ಮೀನಿಗೆ ಕೆಳಗಿನ ಹೊಳೆಯನ್ನಾದರೂ ಬದುಕುವಂತೆ ಇಡಬೇಕಿತ್ತು. ಅದನ್ನೂ ಮಾಡಲಿಲ್ಲ. ಬೇಸಿಗೆಯಲ್ಲಿ ಕಾಲುವೆಗೆ ಎಷ್ಟು ನೀರು ಅಂತ ಸಭೆ ನಡೆಯುತ್ತದೆ, ಜಗಳ ನಡೆಯುತ್ತದೆ. ಹಂಪಿಯ ಬಂಡೆಗಳ ನಡುವೆ ಹೊಳೆಗೆ ಎಷ್ಟು ನೀರು ಅಂತ ಕೇಳುವ ಬಾಯಿ ನಮಗೆ ಕಂಡಿಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಇಡೀ ದೇಶ ನೋಡಿತು. ಮಂತ್ರಿಗಳು ಬಂದರು, ತಜ್ಞರು ಬಂದರು, ಒಂದು ವಾರದಲ್ಲಿ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಸಿದರು. ಅದು ದೊಡ್ಡ ಕೆಲಸ, ಮಾಡಿದವರಿಗೆ ನಮ್ಮ ನಮಸ್ಕಾರ. ನಮ್ಮ ಜನಕ್ಕೆ ಮನಸ್ಸು ಬಂದರೆ ವಾರದಲ್ಲಿ ಏನು ಮಾಡಬಲ್ಲರು ಅಂತ ಅವತ್ತು ಗೊತ್ತಾಯಿತು. ಮೀನಿನ ವಿಷಯಕ್ಕೆ ಆ ಮನಸ್ಸು ಎಪ್ಪತ್ತು ವರ್ಷದಿಂದ ಬಂದಿಲ್ಲ.

ಯಾವ ಕೊಳಕಿನಲ್ಲೂ ಬದುಕುವ ಮೀನು

ಮ್ಯಾಜಿಕಾರ್ಪಿನ ಬಗ್ಗೆ ಆಟದವರೇ ಬರೆದಿರುವ ಇನ್ನೊಂದು ವಿಷಯವಿದೆ. ಅದು ದಡ್ಡ, ದುರ್ಬಲ, ಆದರೆ ಗಟ್ಟಿ ಜೀವ. ಎಂಥ ಕೊಳಕು ನೀರಿನಲ್ಲೂ ಬದುಕುತ್ತದೆ. ಇದನ್ನು ಓದಿ ನಮಗೆ ನಗು ಬರಲಿಲ್ಲ. ನಾವು ಮಾಡುತ್ತಿರುವುದನ್ನು ನೋಡಿದರೆ ಮುಂದೊಂದು ದಿನ ಈ ಹೊಳೆಯಲ್ಲಿ ಬದುಕಲು ಅಂಥ ಮೀನಿಗೆ ಮಾತ್ರ ಸಾಧ್ಯ.

ಭದ್ರಾವತಿಯ ಕಾರ್ಖಾನೆಗಳ ನೀರಿನಿಂದ ಭದ್ರಾ ಹೊಳೆಯ ಮೀನಿಗೆ ಏನಾಗುತ್ತಿದೆ ಎಂದು 1956ರಲ್ಲೇ ವಿಜ್ಞಾನಿಯೊಬ್ಬರು ಬರೆದು ಪ್ರಕಟಿಸಿದ್ದರು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಹರಿಹರದ ಬಳಿ ಹೊಳೆಗೆ ಬೀಳುತ್ತಿದ್ದ ಕಾರ್ಖಾನೆಯ ನೀರಿನ ವಿರುದ್ಧ ವರ್ಷಗಟ್ಟಲೆ ಹೋರಾಡಿತು. ಮೀನು ಸತ್ತು ತೇಲಿದ್ದನ್ನು ನೋಡಿ ಎದ್ದವರು ದಂಡೆಯ ಹಳ್ಳಿಯವರೇ. ಆ ನೀರೆಲ್ಲ ಕೊನೆಗೆ ಬರುವುದು ನಮ್ಮ ಜಲಾಶಯಕ್ಕೆ. ಕೆಲವು ವರ್ಷ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ್ದನ್ನು ಹೊಸಪೇಟೆಯವರು ಕಣ್ಣಾರೆ ಕಂಡಿದ್ದಾರೆ. ಮೇಲಿನ ಊರಿನವರದು ಮಾತ್ರ ತಪ್ಪು ಅನ್ನಬೇಡಿ. ನಮ್ಮ ಊರುಗಳ ಚರಂಡಿ ಯಾವ ಕಡೆಗೆ ಹರಿಯುತ್ತದೆ?

ಸಂಡೂರಿನವರಿಗೆ ಬೇರೆ ಬಣ್ಣ ಗೊತ್ತು. ಮಳೆ ಬಿದ್ದರೆ ಗುಡ್ಡದ ಮಣ್ಣು ಇಳಿದು ಹಳ್ಳ ಕೆಂಪಗಾಗುತ್ತದೆ. ಗಣಿಗಾರಿಕೆ ಮಿತಿ ಮೀರಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಬೇಕಾಯಿತು. ಆ ದಿನಗಳಲ್ಲಿ ಲಾರಿ, ಧೂಳು, ಕೋಟಿ ರೂಪಾಯಿಯ ಲೆಕ್ಕ ಎಲ್ಲರ ಬಾಯಲ್ಲಿತ್ತು. ನಾರಿಹಳ್ಳದಲ್ಲಿ ಕೆಸರಿನಡಿ ಮುಚ್ಚಿಹೋದ ಮೀನಿನ ಮೊಟ್ಟೆಯ ಲೆಕ್ಕ ಯಾವ ವರದಿಯಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಕಾಗದದಲ್ಲಿ ಹೊಳೆ ನಮ್ಮದು

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇವೆ. ಅಣೆಕಟ್ಟಿನ ಹತ್ತಿರದ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ, ಹಂಪಿಯೂ ಸೇರಿದಂತೆ, 34 ಕಿಲೋಮೀಟರ್ ಹೊಳೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದೆ. ಇಡೀ ದೇಶದಲ್ಲಿ ನೀರುನಾಯಿಗಾಗಿಯೇ ಮಾಡಿದ ಮೊದಲ ಸಂರಕ್ಷಿತ ಪ್ರದೇಶ ಇದು. ಆ ಹುಡುಗ ಮೊಬೈಲ್ ಹಿಡಿದು ನಿಂತಿದ್ದ ಜಾಗ ಅದರ ಕೊನೆಯ ತುದಿ.

ನೀರುನಾಯಿ ಸೊಪ್ಪು ತಿಂದು ಬದುಕುವುದಿಲ್ಲ. ಅದಕ್ಕೆ ಮೀನು ಬೇಕು. ಮೀನಿಲ್ಲದ ಹೊಳೆಯಲ್ಲಿ ನೀರುನಾಯಿ ಕಾಯುವುದು ಹಾಲಿಲ್ಲದ ಮನೆಯಲ್ಲಿ ಬೆಕ್ಕು ಸಾಕಿದಂತೆ. ಆಗ ಅದು ಮೀನುಗಾರನ ಬಲೆ ಹರಿಯುತ್ತದೆ, ಮೀನುಗಾರ ಅದನ್ನು ಬೈಯುತ್ತಾನೆ. ಹಸಿದವರಿಬ್ಬರು ಒಂದೇ ತಟ್ಟೆಗೆ ಕೈಹಾಕಿದ ಹಾಗೆ. ತಟ್ಟೆ ಖಾಲಿ ಮಾಡಿದವರು ದೂರ ನಿಂತು ನೋಡುತ್ತಾರೆ.

ಖಾಲಿ ಮಾಡುವ ಒಂದು ದಾರಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮಡುವಿಗೆ ಮದ್ದು ಎಸೆದು ಸಿಡಿಸುವುದು. ಒಂದು ಸದ್ದು, ಸತ್ತು ತೇಲುವ ರಾಶಿ. ದೊಡ್ಡದನ್ನು ಆರಿಸಿಕೊಂಡು ಹೋಗುತ್ತಾರೆ. ಮರಿ, ಮೊಟ್ಟೆ, ತಳಕ್ಕೆ ಮುಳುಗಿದ್ದು ಎಲ್ಲ ಅಲ್ಲೇ ಕೊಳೆಯುತ್ತದೆ. ಇದು ಅಪರಾಧ ಎಂದು ಹೊಸದಾಗಿ ಯಾರೂ ಹೇಳಬೇಕಾಗಿಲ್ಲ. ಮೀನಿಗೆ ಸಿಡಿಮದ್ದು ಹಾಕುವುದನ್ನೂ ವಿಷ ಹಾಕುವುದನ್ನೂ ತಡೆಯುವ ಕಾಯ್ದೆ ಬ್ರಿಟಿಷರ ಕಾಲದಲ್ಲೇ, 1897ರಲ್ಲೇ ಬಂದಿದೆ. ಹರಿಗೋಲಿನಲ್ಲಿ ಬಲೆ ಬೀಸಿ ಹೊಟ್ಟೆ ಹೊರೆಯುವವನು ಈ ಕೆಲಸ ಮಾಡುವುದಿಲ್ಲ. ನಾಳೆಯೂ ಅವನು ಅದೇ ಮಡುವಿಗೆ ಬರಬೇಕು. ಮಾಡುವವರು ನಾಳೆಯ ಚಿಂತೆ ಇಲ್ಲದವರು. ಅವರು ಯಾರೆಂದು ದಂಡೆಯ ಊರಿಗೆ ಗೊತ್ತಿರುತ್ತದೆ. ಮಗನ ಮೊಬೈಲ್ ಕಿತ್ತುಕೊಳ್ಳುವಾಗ ಏರುವ ದನಿ ಇವರ ಮುಂದೆ ಯಾಕೆ ಏರುವುದಿಲ್ಲ?

ಆಗದು ಅನ್ನುವವರಿಗೆ

ಹಳ್ಳಿಯವರಿಂದ ಮೀನು ಕಾಯಲು ಆಗುತ್ತದೆಯೇ ಅಂತ ಕೇಳುವವರಿದ್ದಾರೆ. ಇದೇ ನೀರಿನ ಮೇಲ್ತುದಿಗೆ ಹೋಗಿ ನೋಡಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಹತ್ತಿರ ತೋಳುದ್ದದ ಮೀನುಗಳು ಗುಂಪುಗುಂಪಾಗಿ ಬಂದು ಮಂಡಕ್ಕಿ ತಿನ್ನುತ್ತವೆ. ಅಲ್ಲಿ ಯಾರೂ ಬಲೆ ಹಾಕುವುದಿಲ್ಲ. ತೀರ್ಥಹಳ್ಳಿ ಕಡೆ ಚಿಪ್ಪಲಗುಡ್ಡೆಯಲ್ಲಿ ಅದೇ ತುಂಗೆಯ ಒಂದು ಮಡು ಮತ್ಸ್ಯಧಾಮವಾಗಿದೆ. ಹೊಳೆ ಒಂದೇ, ದೇವರ ಹೆಸರಿನಲ್ಲಿ ಮೀನನ್ನು ಬಿಟ್ಟ ಜನರ ನಂಬಿಕೆಯೂ ಒಂದೇ. ಹಂಪಿಯ ಕೋದಂಡರಾಮನ ಗುಡಿಯ ಮುಂದಿನ ಚಕ್ರತೀರ್ಥದ ಆಳವಾದ ನೀರಿನಲ್ಲಿ, ವಿರೂಪಾಕ್ಷನ ಸ್ನಾನಘಟ್ಟದಲ್ಲಿ, ಇದು ಯಾಕೆ ಆಗಬಾರದು?

ನಾವು ಕೇಳುವುದು ಹೆಚ್ಚೇನಿಲ್ಲ.

ಒಂದು, ಜಲಾಶಯಕ್ಕೆ, ಕೆರೆಗಳಿಗೆ ಕಟ್ಲಾ ರೋಹು ಮರಿ ಬಿಡುವಾಗ ಹರಗಿ, ಕೆಮ್ಮೀನಿನಂಥ ನಮ್ಮ ಹೊಳೆಯ ಮರಿಗಳನ್ನೂ ಬಿಡಲಿ. ಟಿ.ಬಿ. ಡ್ಯಾಮಿನಲ್ಲಿ ಮೀನುಮರಿ ಸಾಕುವ ವ್ಯವಸ್ಥೆ ಇದೆ, ಹೆಸರಘಟ್ಟದಲ್ಲಿ ವಿದ್ಯೆ ಇದೆ. ಎರಡನ್ನೂ ಸೇರಿಸುವ ಒಂದು ಕಾಗದ ಬೇಕು.

ಎರಡು, ಕಾಲುವೆಯ ನೀರಿನ ಲೆಕ್ಕ ಮಾಡುವ ಸಭೆಯಲ್ಲಿ ಬೇಸಿಗೆಯ ಹೊಳೆಗೆ ಇಷ್ಟು ನೀರು ಅಂತ ಒಂದು ಸಾಲು ಬರೆಯಲಿ.

ಮೂರು, 34 ಕಿಲೋಮೀಟರಿನಲ್ಲಿ ಮದ್ದು ಸಿಡಿದರೆ ಕೇಸಾಗಲಿ. ಕಾವಲಿಗೆ ಹೊರಗಿನವರನ್ನು ತರುವ ಬದಲು ಹರಿಗೋಲು ಹಾಕುವವರನ್ನೇ ಸಂಬಳ ಕೊಟ್ಟು ನೇಮಿಸಲಿ. ಹೊಳೆ ಅವರಿಗೆ ಗೊತ್ತು.

ನಾಲ್ಕು, ದಂಡೆಯ ಪ್ರತಿ ಶಾಲೆಯ ಗೋಡೆಯ ಮೇಲೆ ನಮ್ಮ ಹೊಳೆಯ ಮೀನುಗಳ ಚಿತ್ರ, ಹೆಸರು ಬರಲಿ. ಇದಕ್ಕೆ ಯಾವ ಆದೇಶವೂ ಬೇಡ. ಬಣ್ಣ ಬಳಿಯುವ ಒಬ್ಬ ಹುಡುಗ, ಹೆಸರು ಹೇಳುವ ಒಬ್ಬ ತಾತ ಇದ್ದರೆ ಸಾಕು.

ಆ ತಾತ ಕಂಪ್ಲಿಯ ಬೆಂಚಿನ ಮೇಲೆ ಕೂತಿದ್ದಾರೆ. ಆ ಹುಡುಗ ಅಲ್ಲೇ ದಂಡೆಯ ಮೇಲೆ ಓಡಾಡುತ್ತಿದ್ದಾನೆ. ಒಬ್ಬರಿಗೆ ಹೆಸರು ಗೊತ್ತು, ಇನ್ನೊಬ್ಬನಿಗೆ ಹುಡುಕುವ ಹುಚ್ಚಿದೆ. ನಡುವೆ ಇರುವುದು ಒಂದು ಬೈಗುಳ ಮಾತ್ರ.

ತಾತ, ಬೈಯುವುದು ಬಿಡಿ. ಹುಡುಗ ಮತ್ತೆ ಬಂದಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನ ಕೆಂಪು ಮೀನಿನ ಕತೆ ಕೇಳಿ. ಆಮೇಲೆ ಹರಗಿ ಹೇಗಿತ್ತು, ಎಷ್ಟು ಉದ್ದವಿತ್ತು, ಯಾವ ಮಡುವಿನಲ್ಲಿ ಬಲೆಗೆ ಬೀಳುತ್ತಿತ್ತು, ಯಾವ ವರ್ಷದಿಂದ ಕಾಣಲಿಲ್ಲ ಅಂತ ಹೇಳಿ. ಅವನ ಕೈಯಲ್ಲಿ ಫೋನಿದೆ. ರೆಕಾರ್ಡ್ ಮಾಡಿಕೊಳ್ಳಲಿ. ಅವನು ಮೊದಲು ಕೇಳಿದ್ದ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರ ಅಲ್ಲಿಂದ ಶುರುವಾಗಲಿ.